ನೇಕಾರನ ಎದೆಯೊಳಗಿನ ಬಿಳಿ ಚುಕ್ಕೆ

ಸಿರಿಂಜಿನೊಳಗೆ ಕೀವು ಏರಿದ ಕೂಡಲೇ ಕೋಣೆಯ ತುಂಬ ವಾಸನೆ ಹಬ್ಬಿತು. ಸೂಜಿ ಹಿಡಿದ ನನಗೇ ಮುಖ ತಿರುಗಿಸಬೇಕೆನಿಸಿತು. ಟ್ರೇ ಹಿಡಿದು ನಿಂತಿದ್ದ ನರ್ಸಬಾಯಿ ಸೆರಗಿನಿಂದ ಮೂಗು ಮುಚ್ಚಿಕೊಂಡೇಬಿಟ್ಟಳು. ಕುರ್ಚಿಯ ಮೇಲೆ ಹಿಂದುಮುಂದಾಗಿ ಕೂತು, ಅದರ ಬೆನ್ನಿಗಿಟ್ಟ ದಿಂಬನ್ನು ತಬ್ಬಿಕೊಂಡಿದ್ದ ರೋಗಿ ಮಾತ್ರ ತಲೆ ಎತ್ತದೆ, "ಬಂತೇನ್ರಿ ಸಾಹೇಬ್ರ?" ಎಂದು ಕೇಳಿದ.

"ಬಂತಪಾ, ಬೇಕಾದಷ್ಟು ಬಂತು" ಎಂದೆ.

ಶ್ವಾಸಕೋಶಕ್ಕೂ ಪಕ್ಕೆಲುಬುಗಳಿಗೂ ನಡುವೆ ಎರಡು ತೆಳ್ಳನೆಯ ಪೊರೆಗಳಿರುತ್ತವೆ. ಅವುಗಳ ನಡುವಿನ ಸಂದಿನಲ್ಲಿ, ಬಲಗಡೆ ಕೆಳಗೆ, ಇವನಿಗೆ ಕೀವು ತುಂಬಿತ್ತು. ಬೆರಳಿನಿಂದ ಬಡಿದು ನೋಡಿದರೆ ತುಂಬಿದ ಕೊಡ ಬಡಿದ ಹಾಗೆ ಮಂಕು ಸದ್ದು. ನೋವು ತಿಳಿಯದ ಹಾಗೆ ಔಷಧಿ ಚುಚ್ಚಿ, ಕೆಳಗಿನ ಎಲುಬಿನ ಮೇಲಂಚಿಗೇ ಹತ್ತಿಸಿ ಸೂಜಿ ಒಳಗೆ ಬಿಟ್ಟಿದ್ದೆ. ಮೇಲಿನ ಎಲುಬಿನ ಅಡಿಯಲ್ಲಿ ರಕ್ತನಾಳ ಓಡುತ್ತದೆ, ಅದರ ತಂಟೆಗೆ ಹೋಗಬಾರದು. ಬಂದದ್ದು ಬೂದು ಮಿಶ್ರಿತ ಕಂದು ಬಣ್ಣದ ಗಟ್ಟಿ ಕೀವು. ಕೊಳೆತ ವಾಸನೆ. ಆ ವಾಸನೆಯೇ ನನ್ನ ತಲೆ ಕೆಡಿಸಿತು.

ಇದು ಇಚಲಕರಂಜಿಯ ಮಾತು. ಮಹಾರಾಷ್ಟ್ರ ಬೇರೆ ರಾಜ್ಯವಾಗಿ ಇನ್ನೂ ಹೊಸದು. ಕರೆಂಟಿನ ಮಗ್ಗದ ಶೆಡ್ಡುಗಳು ಸಾಲುಗಟ್ಟಿದ ಗಲ್ಲಿಯಲ್ಲಿ ನನ್ನ ದವಾಖಾನೆ, ಒಳಗೆ ನಾಲ್ಕಾರು ಮಂಚ, ಒಂದು ಸಣ್ಣ ಎಕ್ಸ್‌ರೇ ಯಂತ್ರ. ಗೋಡೆಗೆ ಕೈಯಿಟ್ಟರೆ ಪಕ್ಕದ ಶೆಡ್ಡಿನ ಮಗ್ಗಗಳ ನಡುಕ ಅಂಗೈಗೆ ತಿಳಿಯುತ್ತಿತ್ತು. ಸ್ವಭಾವದಿಂದಲೇ ಒಂದು ಕಡೆ ನಿಲ್ಲದವನು ನಾನು. ಆ ಸದ್ದಿನಲ್ಲಿ ಇನ್ನಷ್ಟು ಚಡಪಡಿಸುತ್ತಿದ್ದೆ. "ಲಾಳಿ ಹಂಗ ಅತ್ತಿಂದಿತ್ತ ಓಡ್ಯಾಡಬ್ಯಾಡ್ರಿ, ನೋಡಿ ನನಗ ತಲಿ ತಿರಗತೈತಿ" ಎಂದು ಹೆಂಡತಿ ಬೈಯುತ್ತಿದ್ದಳು.

ರೋಗಿ ಇಪ್ಪತ್ತೈದರ ಆಚೀಚೆಯ ನೇಕಾರ. ಸಂಕೇಶ್ವರದ ಕಡೆಯಿಂದ ಅಣ್ಣನ ಬೆನ್ನು ಹತ್ತಿ ಮಗ್ಗದ ಕೆಲಸಕ್ಕೆ ಬಂದವನು. ಹೆಂಡತಿ ಚೊಚ್ಚಲ ಹೆರಿಗೆಗೆಂದು ತವರೂರು ಉತ್ತೂರಿಗೆ ಹೋದ ಮೇಲೆ ಇವನಿಗೆ ಕೆಮ್ಮು, ಚಳಿಜ್ವರ ಹತ್ತಿದವು. ನ್ಯುಮೋನಿಯಾ ಎಂದು ಪೆನ್ಸಿಲಿನ್ ಕೊಟ್ಟೆ, ಇಳಿಯಿತು. ಸ್ವಲ್ಪ ದಿನಕ್ಕೆ ಮತ್ತೆ ಬಂತು. ಅದೇ ಬಲಗಡೆ, ಅದೇ ಜಾಗ. ಮತ್ತೆ ಕೊಟ್ಟೆ, ಮತ್ತೆ ಇಳಿಯಿತು, ಮತ್ತೆ ಬಂತು. ಕೊಲ್ಹಾಪುರದ ಹಿರಿಯ ಡಾಕ್ಟರರೊಬ್ಬರಿಗೆ ತೋರಿಸಿದೆವು. ಎದೆರೋಗದಲ್ಲಿ ಅವರ ಮಾತೇ ಕೊನೆಯ ಮಾತು. ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು, "ಹಾ ಟೀಬೀಚ್ ಆಹೆ" ಎಂದುಬಿಟ್ಟರು, ಇದು ಟೀಬಿಯೇ. ಕಫವನ್ನು ಪದೇ ಪದೇ ಪರೀಕ್ಷಿಸಿದರೂ ಕ್ಷಯದ ಕ್ರಿಮಿ ಸಿಕ್ಕಿರಲಿಲ್ಲ. ಆದರೂ ಸ್ಟ್ರೆಪ್ಟೋಮೈಸಿನ್ ಇಂಜೆಕ್ಷನ್ ಶುರುವಾದವು.

ಟೀಬಿ ಎಂಬ ಶಬ್ದ ಉತ್ತೂರಿಗೆ ಬಸ್ಸಿಗಿಂತ ಮುಂಚೆ ಹೋಗಿ ಮುಟ್ಟಿತು. ಮಗಳು ಹುಟ್ಟಿದಾಗ ಇವನು ತೊಟ್ಟಿಲ ಕಾರ್ಯಕ್ಕೆ ಹೋದ. ಮಾವನ ಮನೆಯವರು ಅಂಗಳದ ಆಚೆ ಕಟ್ಟೆಯ ಮೇಲೆ ಕೂಡ್ರಿಸಿ, ಬಾಗಿಲೊಳಗಿಂದಲೇ ಕೂಸನ್ನು ಎತ್ತಿ ತೋರಿಸಿ ಒಳಗೆ ಒಯ್ದರು. ಅವರದೇನು ತಪ್ಪು? ಹಸುಗೂಸಿನ ಹತ್ತಿರ ಕ್ಷಯರೋಗಿಯನ್ನು ಬಿಡಬೇಡಿ ಎಂದು ಊರೂರಿಗೆ ಹೇಳುತ್ತ ಬಂದವರೇ ನಾವು ಡಾಕ್ಟರರು. ಗುಣ ಆಗುವತನಕ ಹೆಂಡತಿಯನ್ನಾಗಲಿ ಮಗಳನ್ನಾಗಲಿ ಕಳಿಸುವುದಿಲ್ಲ ಎಂದು ಮಾವ ಖಡಾಖಂಡಿತ ಹೇಳಿ ಕಳಿಸಿದ್ದ.

"ಒಂದ ಸಲ ಎತ್ಗೊಂಡಿದ್ರ ಸಾಕಿತ್ರಿ ಸಾಹೇಬ್ರ" ಎಂದು ಇಂಜೆಕ್ಷನ್ನಿಗೆ ಬಂದಾಗಲೆಲ್ಲ ಹೇಳುತ್ತಿದ್ದ. "ಹಗೂರ ಐತ್ಯೋ ಭಾರ ಐತ್ಯೋ, ಅದೂ ಗೊತ್ತಿಲ್ಲ ನನಗ."

ಇಂಜೆಕ್ಷನ್ನಿನಿಂದ ಏನೂ ಆಗಲಿಲ್ಲ. ಜ್ವರ ಏರಿತು, ಉಸಿರಾಡಿದರೆ ಪಕ್ಕೆಯಲ್ಲಿ ಚುಚ್ಚತೊಡಗಿತು, ಕಡೆಗೆ ಈ ಕೀವು. ಕ್ಷಯದ ಕೀವನ್ನು ನಾನು ಬೇಕಾದಷ್ಟು ನೋಡಿದ್ದೆ. ಅದು ಹೀಗೆ ನಾರುವುದಿಲ್ಲ. ಬಾಯಿಯೊಳಗಿನ ಹೊಲಸು ಶ್ವಾಸನಾಳಕ್ಕಿಳಿದು ಒಳಗೆ ಕೊಳೆತರೆ ಈ ವಾಸನೆ ಬರುತ್ತದೆ. ಕುಡಿದು ಎಚ್ಚರ ತಪ್ಪಿ ವಾಂತಿ ಮಾಡಿಕೊಂಡವರಲ್ಲಿ, ಮೂರ್ಛೆರೋಗದವರಲ್ಲಿ ನೋಡಿದ್ದೆ. ಇವನಿಗೆ ಕುಡಿತವಿಲ್ಲ, ಮೂರ್ಛೆಯಿಲ್ಲ, ಹಲ್ಲುಗಳು ಗಟ್ಟಿಮುಟ್ಟು. ಹಾಗಾದರೆ ಒಳಗೆ ಹೋದದ್ದೇನು? ಊಟಕ್ಕೆ ಕೂತರೂ ಅದೇ ಪ್ರಶ್ನೆ, ಬೇರೆ ರೋಗಿಯ ನಾಲಿಗೆ ನೋಡುವಾಗಲೂ ಅದೇ ಪ್ರಶ್ನೆ.

ಮೊದಲು ಕೀವು ಹೊರಗೆ ಹೋಗಬೇಕಿತ್ತು. ಪಕ್ಕೆಲುಬುಗಳ ನಡುವೆ ಸಣ್ಣಗೆ ಕೊಯ್ದು ರಬ್ಬರಿನ ನಳಿಗೆ ತೂರಿಸಿದೆ. ಅದರ ಇನ್ನೊಂದು ತುದಿ ನೆಲದ ಮೇಲಿಟ್ಟ ದೊಡ್ಡ ಗಾಜಿನ ಬಾಟಲಿಯೊಳಗೆ, ನೀರಿನಲ್ಲಿ ಮುಳುಗಿರಬೇಕು. ಕೀವು ಇಳಿಯುತ್ತದೆ, ಹೊರಗಿನ ಗಾಳಿ ಎದೆಗೆ ಹೋಗುವುದಿಲ್ಲ. ಉಸಿರೆಳೆದರೆ ನಳಿಗೆಯಲ್ಲಿ ನೀರು ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಏರಿಳಿತ ನಿಂತರೆ ನಳಿಗೆ ಕಟ್ಟಿತೆಂದು ಲೆಕ್ಕ. ಅವನ ಕೀವು ಎಷ್ಟು ಗಟ್ಟಿಯಿತ್ತೆಂದರೆ ಮೇಲಿಂದ ಮೇಲೆ ಕಟ್ಟುತ್ತಿತ್ತು. ಹಸುವಿನ ಮೊಲೆ ಹಿಂಡಿದ ಹಾಗೆ ನಳಿಗೆಯನ್ನು ಹಿಂಡಿ ಹಿಂಡಿ ಬಿಡಿಸಬೇಕು. ನರ್ಸಬಾಯಿ ಬೇಸತ್ತಾಗ ನಾನು, ನಾನು ಬೇಸತ್ತಾಗ ಅವನ ಅಣ್ಣ. ಕಡೆಗೆ ಬಾಟಲಿಯಲ್ಲಿ ಇಳಿಯುವುದು ಕಡಿಮೆಯಾಗಿ ಜ್ವರವೂ ತಗ್ಗಿತು. ಈಗ ಎದೆಯೊಳಗೆ ನೋಡಬಹುದಿತ್ತು.

ಎದುರಿನಿಂದ ತೆಗೆದ ಫಿಲ್ಮಿನಲ್ಲಿ ಶ್ವಾಸಕೋಶದ ಕೆಳಭಾಗ ಎದೆ ಹೊಟ್ಟೆಗಳ ನಡುವಿನ ಪರದೆಯ ಉಬ್ಬಿನ ಹಿಂದೆ ಅಡಗಿಕೊಳ್ಳುತ್ತದೆ. ಪಕ್ಕದಿಂದ ತೆಗೆಯಬೇಕು. ಪಕ್ಕದಿಂದಾದರೆ ಎದೆ ದಪ್ಪ, ಕಿರಣಕ್ಕೆ ಬಲ ಬೇಕು. ನನ್ನ ಯಂತ್ರವೋ ಬಡಪಾಯಿ. ಸಾಲದ್ದಕ್ಕೆ ಗಲ್ಲಿಯ ಮಗ್ಗಗಳೆಲ್ಲ ಓಡುತ್ತಿದ್ದಾಗ ಕರೆಂಟು ಕುಸಿದು ಬಲ್ಬುಗಳೇ ಕೆಂಪಗಾಗುತ್ತಿದ್ದವು. ಒಂದು ಫಿಲ್ಮು ತೆಗೆದೆ, ಸುಣ್ಣ ಬಳಿದಂತೆ ಬರೀ ಬೆಳ್ಳಗೆ ಬಂತು. ಇನ್ನೊಂದು ತೆಗೆದೆ, ಅದಕ್ಕಿಂತ ಕಡೆ. ಸಿಟ್ಟು ನೆತ್ತಿಗೇರಿ ನೇರವಾಗಿ ಪಕ್ಕದ ಶೆಡ್ಡಿಗೆ ನುಗ್ಗಿದೆ. ಮಾಲಕನಿಗೆ ಹೇಳಿ ಸ್ವಲ್ಪ ಹೊತ್ತು ಮಗ್ಗ ನಿಲ್ಲಿಸಬೇಕೆಂಬುದು ನನ್ನ ಯೋಚನೆ.

ಮಾಲಕ ಒಳಗೆಲ್ಲೋ ಇದ್ದ, ಕರೆಯಲು ಒಬ್ಬ ಹೋದ. ನಾನು ಬಾಗಿಲಲ್ಲಿ ಕಾಲು ಕುಣಿಸುತ್ತ ನಿಂತೆ. ಎದುರಿನ ಮಗ್ಗದಲ್ಲಿ ಅಡ್ಡನೂಲು ಮುಗಿಯಿತು. ನೇಕಾರ ಮಗ್ಗ ನಿಲ್ಲಿಸಿ ಲಾಳಿ ಹೊರತೆಗೆದ. ಖಾಲಿ ಕಂಡಿಕೆ ಕಿತ್ತೆಸೆದು ನೂಲು ಸುತ್ತಿದ ಹೊಸ ಕಂಡಿಕೆ ಒಳಗೆ ಕೂಡ್ರಿಸಿದ. ಆಮೇಲೆ ಲಾಳಿಯನ್ನು ತುಟಿಗಿಟ್ಟುಕೊಂಡು ಒಂದೇ ಬಾರಿಗೆ ‘ಚುಪ್’ ಎಂದು ಒಳಗೆಳೆದ. ನೂಲು ಲಾಳಿಯ ಕಣ್ಣಿನಿಂದ ಹೊರಬಂದು ಬಾಯಿಗೆ ಬಂತು. ನೂಲನ್ನು ಬೆರಳಿಗೆ ಸುತ್ತಿಕೊಂಡು ಲಾಳಿಯನ್ನು ಮಗ್ಗಕ್ಕೆ ಹಾಕಿದ, ಮಗ್ಗ ಓಡಿತು. ಕಣ್ಣು ಮಿಟುಕಿಸುವಷ್ಟು ಹೊತ್ತು, ಅಷ್ಟೆ. ಆಚೆ ಮಗ್ಗದಲ್ಲೂ ‘ಚುಪ್’. ಅದರಾಚೆಯೂ.

ಈ ಗಲ್ಲಿಯಲ್ಲಿ ನಾನು ವರ್ಷಗಟ್ಟಲೆ ಬಾಳಿದ್ದೆ. ಮಗ್ಗದ ಸದ್ದು ಕೇಳಿದ್ದೆ, ಹತ್ತಿಯ ಧೂಳಿನ ಕೆಮ್ಮಿಗೆ ಔಷಧಿ ಕೊಟ್ಟಿದ್ದೆ. ನಿಂತು ಇದನ್ನು ನೋಡಿದ್ದು ಅದೇ ಮೊದಲು. ಮಾಲಕ ಬಂದು "ಯಾಕ್ರಿ ಡಾಕ್ಟರ್?" ಎಂದಾಗ ಬಂದ ಕೆಲಸವನ್ನೇ ಮರೆತು, "ಆ ಲಾಳಿ ತೋರಿಸ್ರಿ" ಎಂದೆ.

ಮರದ ಲಾಳಿ, ಎರಡೂ ತುದಿಗೆ ಉಕ್ಕಿನ ಮೂತಿ. ಪಕ್ಕದಲ್ಲಿ ನೂಲು ಹೊರಬರುವ ತೂತಿಗೆ ಬಿಳಿ ಚೀನೀ ಮಣ್ಣಿನ, ಅಂದರೆ ಪಿಂಗಾಣಿಯ, ಸಣ್ಣ ಕಣ್ಣು ಕೂಡ್ರಿಸಿದ್ದರು. ಬಳಸಿ ಬಳಸಿ ಅದರ ಅಂಚು ಬಿರಿದಿತ್ತು.

"ಇದು ಒಡೀತೈತೇನ್ರಿ?"

"ಒಡೀತೈತಿ. ಒಡದ್ರ ನೂಲ ಹರೀತೈತಿ, ಬದಲಿ ಮಾಡ್ತೇವಿ" ಎಂದ ಮಾಲಕ. "ಯಾಕ್ರಿ, ಈ ಧಂಧೇಕ ಇಳಿಯೋ ವಿಚಾರ ಐತೇನು?"

ಒಡೆದ ಕಣ್ಣಿನ ಒಂದು ಹಳೆ ಲಾಳಿ ಇಸಿದುಕೊಂಡು, ಮಗ್ಗ ನಿಲ್ಲಿಸುವ ಮಾತು ಪಕ್ಕಾ ಮಾಡಿಕೊಂಡು ದವಾಖಾನೆಗೆ ಓಡಿದೆ. ರೋಗಿ ದಿಂಬಿಗೆ ಒರಗಿ ಗಂಜಿ ಕುಡಿಯುತ್ತಿದ್ದ. ಲಾಳಿಯನ್ನು ಅವನ ಮುಂದೆ ಹಿಡಿದೆ.

"ಇದನ್ನ ಸೀಪುವಾಗ ಯಾವಾಗರ ಏನರ ಬಾಯಾಗ ಬಂದಿತ್ತೇನು? ನೆಂಪ ಮಾಡ್ಕೊ."

ಗಂಜಿಯ ಬಟ್ಟಲು ಕೆಳಗಿಟ್ಟ. ಅವನು ಯೋಚಿಸಿದಷ್ಟೂ ನನಗೆ ಕಾಲು ನಿಲ್ಲಲೊಲ್ಲದು.

"ಬಂದಿತ್ರಿ" ಎಂದ. "ಕಣ್ಣ ಒಡದಿತ್ತು. ಜಗ್ಗಿದ ಕೂಡ್ಲೆ ಗಂಟಲದಾಗ ಕಟ್ಟಂತು. ಕೆಮ್ಮಿ ಕೆಮ್ಮಿ ಕಣ್ಣಾಗ ನೀರ ಬಂದು, ಮಂದಿ ಬೆನ್ನ ಗುದ್ದಿದ್ರು. ಆಮ್ಯಾಲೆ ಆರಾಮ ಆತ್ರಿ."

"ಮತ್ತ ನನಗ ಹೇಳಲಿಲ್ಲ?"

"ಅದನ್ನೇನ ಹೇಳೂದ್ರಿ? ಹೊಟ್ಟ್ಯಾಗ ಹೋತಂತ ತಿಳಕೊಂಡೆ. ಬಾಳೆಹಣ್ಣ ತಿನ್ನು, ಹೊರಗ ಹೋಗತೈತಿ ಅಂದ್ರು ಎಲ್ಲಾರೂ. ತಿಂದೆ. ಅದು ಹೆಂಡ್ತಿ ತವರಿಗೆ ಹೋದ ಹೊಸದಾಗ್ರಿ."

ಹೆಂಡತಿ ತವರಿಗೆ ಹೋದ ಹೊಸದರಲ್ಲಿ. ಕೆಮ್ಮು ಹತ್ತಿದ್ದೂ ಆಗಲೇ. ಎದೆಯ ಕಾಯಿಲೆಗೆ ಬಂದವನು ಹೊಟ್ಟೆಗೆ ಹೋದದ್ದರ ಸುದ್ದಿ ಯಾಕೆ ಹೇಳಿಯಾನು? ಬೆನ್ನು ಗುದ್ದಿದ ಕೂಡಲೇ ಕೆಮ್ಮು ಅಡಗಿದ್ದೇ ಎಲ್ಲರನ್ನೂ ನಂಬಿಸಿತ್ತು. ಚೂರು ಬಲಗಡೆಯ ಶ್ವಾಸನಾಳಕ್ಕಿಳಿದು ಸಿಕ್ಕಿಕೊಂಡಿರಬೇಕು. ಒಮ್ಮೆ ಸಿಕ್ಕಿಕೊಂಡರೆ ಸ್ವಲ್ಪ ಕಾಲ ಸುಮ್ಮನಿರುತ್ತದೆ, ಆಮೇಲೆ ಅದರ ಹಿಂದಿನ ಭಾಗವೆಲ್ಲ ಕೊಳೆಯತೊಡಗುತ್ತದೆ. ಪೆನ್ಸಿಲಿನ್ ಕೊಳೆಯನ್ನು ಇಳಿಸೀತು, ಚೂರನ್ನು ಕರಗಿಸೀತೆ?

ಊಹೆ ಸೊಗಸಾಗಿತ್ತು. ಸೊಗಸಾದ ಊಹೆಗಳ ಬಗ್ಗೆ ನನಗೆ ಮೊದಲಿನಿಂದಲೂ ಅಂಜಿಕೆ. ಲಾಳಿಯ ಕಣ್ಣನ್ನು ಒಡೆದು ಒಂದು ಚೂರನ್ನು ಫಿಲ್ಮಿನ ಮೇಲಿಟ್ಟು ಮೊದಲು ಅದರ ಎಕ್ಸ್‌ರೇ ತೆಗೆದೆ. ಬೆಳ್ಳಗೆ ಕಂಡಿತು. ಆಮೇಲೆ ಪಕ್ಕದ ಶೆಡ್ಡಿಗೆ ಹೇಳಿ ಕಳಿಸಿದೆ, ಮಾಲಕ ಉಳಿದ ಶೆಡ್ಡುಗಳಿಗೂ ಹೇಳಿದ. ಮಗ್ಗಗಳು ನಿಂತವು. ಗಲ್ಲಿಗೆ ಗಲ್ಲಿಯೇ ಮೂಕವಾಯಿತು. ರೋಗಿಯನ್ನು ಪಕ್ಕಕ್ಕೆ ನಿಲ್ಲಿಸಿ, ಕೈ ತಲೆಯ ಮೇಲೆತ್ತಿಸಿ, ಉಸಿರು ಬಿಗಿಹಿಡಿಸಿ ಗುಂಡಿ ಒತ್ತಿದೆ. ಕತ್ತಲ ಕೋಣೆಯಲ್ಲಿ ಡೆವಲಪರಿನ ತಟ್ಟೆಯೊಳಗೆ ಎಲುಬುಗಳು ಮೂಡಿದವು, ಹೃದಯದ ನೆರಳು ಮೂಡಿತು, ಅದರ ಹಿಂದೆ ಕೆಳಗೆ ಒಂದು ಬಿಳಿ ಚುಕ್ಕೆ ಮೂಡಿತು. ಫಿಲ್ಮನ್ನು ಒಣಗಲು ಸಹ ಬಿಡದೆ, ನೀರು ಸೋರುತ್ತಿದ್ದಂತೆಯೇ ಅಣ್ಣನಿಗೆ ತೋರಿಸಿದೆ. ಅವನಿಗೆ ಏನೂ ತಿಳಿಯಲಿಲ್ಲ, ಪಾಪ. ನಾನು ನಗುತ್ತಿದ್ದೇನೆಂದು ಅವನೂ ನಕ್ಕ.

ಮರುದಿನವೇ ಕೊಲ್ಹಾಪುರದ ಹಿರಿಯ ಡಾಕ್ಟರರ ಹತ್ತಿರ ಹೋದೆ. ಚುಕ್ಕೆಯನ್ನು ನೋಡಿದರು, ಲಾಳಿಯ ಕಥೆಯನ್ನೂ ಸಮಾಧಾನದಿಂದ ಕೇಳಿದರು. ಆಮೇಲೆ ಹೇಳಿದರು: ಹಳೆಯ ಕ್ಷಯದ ಗಂಟು ಸುಣ್ಣಗಟ್ಟಿದರೆ ಹೀಗೇ ಕಾಣುತ್ತದೆ. ಇದು ಟೀಬಿಯಲ್ಲ ಎನ್ನುವುದಕ್ಕೆ ಅಲ್ಲ, ಟೀಬಿಯೇ ಎನ್ನುವುದಕ್ಕೆ ಸಾಕ್ಷಿ.

ಅವರು ಹೇಳಿದ್ದು ಸುಳ್ಳಲ್ಲ. ಅಂಥ ಸುಣ್ಣದ ಗಂಟುಗಳನ್ನು ನಾನೂ ಕಂಡಿದ್ದೆ. ಕೀವಿನ ವಾಸನೆಯ ಮಾತೆತ್ತಿದೆ. ಕ್ಷಯದ ಜೊತೆ ಬೇರೆ ಸೋಂಕೂ ಸೇರಬಹುದಲ್ಲ ಎಂದರು. ಅದೂ ನಿಜವೇ. ಬಸ್ಸಿನಲ್ಲಿ ವಾಪಸ್ಸು ಬರುವಾಗ ಫಿಲ್ಮನ್ನು ಲಕೋಟೆಯಿಂದ ತೆಗೆದು ತೆಗೆದು ನೋಡಿದೆ. ಒಂದು ಸಲ ಚುಕ್ಕೆಯ ಅಂಚು ನೆಟ್ಟಗೆ ಕಂಡಿತು, ಇನ್ನೊಂದು ಸಲ ದುಂಡಗೆ. ಪಕ್ಕದಲ್ಲಿ ಕೂತವನು ಬೇಸತ್ತು ಬೇರೆ ಸೀಟಿಗೆ ಹೋದ.

ದವಾಖಾನೆಗೆ ಬಂದರೆ ಅಣ್ಣ ಬಾಗಿಲಲ್ಲೇ ಕಾಯುತ್ತಿದ್ದ. ಹಿರಿಯ ಡಾಕ್ಟರರು ಹಿಂದೆಯೇ ಬರೆದು ಕಳಿಸಿದ್ದ ಅರ್ಜಿಗೆ ಕ್ಷಯದ ಆಸ್ಪತ್ರೆಯಿಂದ ಕರೆ ಬಂದಿತ್ತು. ಹಾಸಿಗೆ ಖಾಲಿಯಾಗಿದೆ, ವಾರದೊಳಗೆ ಕರೆದುಕೊಂಡು ಬನ್ನಿ, ಇಲ್ಲದಿದ್ದರೆ ಸರದಿಯ ಮುಂದಿನವರಿಗೆ. ಆ ಕಾಲದಲ್ಲಿ ಅಲ್ಲಿ ಹಾಸಿಗೆ ಸಿಗುವುದೆಂದರೆ ಸಣ್ಣ ಮಾತಲ್ಲ, ಕಾದು ಕಾದೇ ಸತ್ತವರಿದ್ದರು.

"ನಸೀಬ ತೆರದೈತ್ರಿ ಸಾಹೇಬ್ರ" ಎಂದ ಅಣ್ಣ. "ನಾಳೇನ ಕರಕೊಂಡ ಹೋಗ್ತೇನಿ."

ನಾನು ವರಾಂಡದ ಉದ್ದಕ್ಕೂ ಅಡ್ಡಾಡಿದೆ. ಕ್ಷಯವಾಗಿದ್ದರೆ ಆ ಹಾಸಿಗೆಯೇ ಅವನ ಪ್ರಾಣ. ಚೂರಾಗಿದ್ದರೆ ಅಲ್ಲಿ ವರ್ಷಗಟ್ಟಲೆ ಇಂಜೆಕ್ಷನ್ ಚುಚ್ಚಿಸಿಕೊಂಡು, ಕೊಳೆತ ಭಾಗ ಹರಡಿ, ಒಂದು ದಿನ ರಕ್ತ ಕಾರಿ ಹೋಗುತ್ತಾನೆ. ಒಳಗೆ ಕಣ್ಣಿಟ್ಟು ನೋಡದ ಹೊರತು ತಿಳಿಯುವ ಹಾಗಿಲ್ಲ. ನೋಡುವ ಸಾಧನ ಕೊಲ್ಹಾಪುರದ ಒಬ್ಬ ಗಂಟಲಿನ ಸರ್ಜನ್ನರ ಹತ್ತಿರ ಇತ್ತು. ಉಕ್ಕಿನ ನೆಟ್ಟನೆಯ ಕೊಳವೆ, ತುದಿಗೆ ಸಣ್ಣ ದೀಪ. ಮಕ್ಕಳು ನುಂಗಿದ ಶೇಂಗಾಕಾಳು, ನಾಣ್ಯ ತೆಗೆಯುವುದರಲ್ಲಿ ಅವರ ಕೈ ಪಳಗಿತ್ತು. ಆದರೆ ಇಷ್ಟು ದಿನ ಕೊಳೆತ ಜಾಗಕ್ಕೆ, ಪಕ್ಕೆಗೆ ನಳಿಗೆ ಸಿಕ್ಕಿಸಿಕೊಂಡ ಸೊರಗಿದ ಮನುಷ್ಯನಿಗೆ ಕೊಳವೆ ಇಳಿಸುವುದು ಹುಡುಗಾಟವಲ್ಲ. ಅವರನ್ನು ಕಾಣಲು, ಇವನನ್ನು ಸಿದ್ಧ ಮಾಡಲು ದಿನಗಳು ಬೇಕು. ಅಷ್ಟರಲ್ಲಿ ಹಾಸಿಗೆ ಹೋಗುತ್ತದೆ.

ಇಬ್ಬರನ್ನೂ ಎದುರಿಗೆ ಕೂಡ್ರಿಸಿಕೊಂಡು ಎರಡೂ ದಾರಿ ಬಿಡಿಸಿ ಹೇಳಿದೆ. ಅಣ್ಣ ಎದ್ದೇ ನಿಂತ.

"ನೀವ ಖಾತ್ರಿ ಇಲ್ಲ ಅಂತೀರಿ. ದೊಡ್ಡ ಡಾಕ್ಟರ್ ಖಾತ್ರಿ ಐತಿ ಅಂತಾರ. ನಾ ಯಾರ ಮಾತ ಕೇಳ್ಲಿ? ನಮ್ಮವ್ವಗ ನಾ ಏನ ಹೇಳ್ಲಿ?"

"ನನಗೂ ಗೊತ್ತಿಲ್ಲಪಾ" ಎಂದೆ. ದನಿ ಸ್ವಲ್ಪ ಜೋರೇ ಆಯಿತು. "ಗೊತ್ತಿದ್ರ ಹಿಂಗ ಒದ್ದಾಡತಿದ್ನೇನು?"

ರೋಗಿ ಇಬ್ಬರ ಮುಖವನ್ನೂ ನೋಡಿದ. "ಅಣ್ಣಾ, ಕೂಡ್ರು" ಎಂದ. "ಸಾಹೇಬ್ರ, ಆ ದವಾಖಾನಿಗೆ ಹೋದ್ರ ಯಾವಾಗ ಬಿಡ್ತಾರ್ರಿ?"

"ವರ್ಷ ಆಗಬಹುದು. ಹೆಚ್ಚೂ ಆಗಬಹುದು."

"ಬಿಟ್ಟ ಮ್ಯಾಲೆ ನಮ್ಮ ಮಾವ ಕೂಸಿನ್ನ ನನ್ನ ಕೈಯಾಗ ಕೊಡ್ತಾನೇನ್ರಿ?"

"ಕೊಡಲಿಕ್ಕಿಲ್ಲಪಾ" ಎಂದೆ. ಆ ಆಸ್ಪತ್ರೆಯ ಹೆಸರು ಒಮ್ಮೆ ಅಂಟಿಕೊಂಡವನನ್ನು ಜನ ಜನ್ಮವಿಡೀ ದೂರವೇ ಕೂಡ್ರಿಸುತ್ತಿದ್ದರು.

"ಹಂಗಾರ ಕೊಳವಿ ಹಾಕಸ್ರಿ" ಎಂದ. "ಸತ್ರ ಸಾಯ್ತೇನಿ. ಕಟ್ಟಿ ಮ್ಯಾಲ ಕುಂತು ಮಗಳನ್ನ ನೋಡೂದ ನನ್ನ ಕಡಿಂದ ಆಗಂಗಿಲ್ಲ."

ಹಾಸಿಗೆ ಬೇಡವೆಂದು ನಾನೇ ಬರೆದು ಕಳಿಸಿದೆ. ಅಣ್ಣ ನನ್ನ ಜೊತೆ ಮಾತು ಬಿಟ್ಟ, ಆದರೆ ನಳಿಗೆ ಹಿಂಡುವುದನ್ನು ಬಿಡಲಿಲ್ಲ.

ಗಂಟಲಿನ ಸರ್ಜನ್ನರು ಗಟ್ಟಿ ದನಿಯ, ನಗೆಚಾಟಿಕೆಯ ಮನುಷ್ಯ. ಫಿಲ್ಮು ನೋಡಿ ನಗು ನಿಲ್ಲಿಸಿದರು. ಎಚ್ಚರವಿದ್ದಂತೆಯೇ ಮಾಡಬೇಕು, ಗಂಟಲಿಗೆ ಮರಗಟ್ಟಿಸುವ ಔಷಧಿ ಸಿಂಪಡಿಸಿ. ಇವನಿಗೆ ಎಚ್ಚರ ತಪ್ಪಿಸಿದರೆ ಕೀವು ಒಳ್ಳೆಯ ಶ್ವಾಸಕೋಶಕ್ಕೂ ಹರಿದೀತು ಎಂದರು. ತಲೆ ಹಿಡಿಯುವ ಕೆಲಸ ನನಗೆ ಬಂತು. ರೋಗಿಯನ್ನು ಅಂಗಾತ ಮಲಗಿಸಿ, ತಲೆಯನ್ನು ಮೇಜಿನಂಚಿನಿಂದ ಹೊರಗೆ ಚಾಚಿ, ಎರಡೂ ಕೈಯಲ್ಲಿ ಹಿಡಿದಿರಬೇಕು. ಸರ್ಜನ್ ಮೇಲೆ ಎಂದರೆ ಮೇಲೆ, ಎಡಕ್ಕೆ ಎಂದರೆ ಎಡಕ್ಕೆ. ಬಾಯಿ, ಗಂಟಲು, ಶ್ವಾಸನಾಳ ಮೂರೂ ಒಂದೇ ಗೆರೆಗೆ ಬರಬೇಕು. ತಲೆ ಹಿಡಿದವನಿಗೆ ಒಳಗಿನದೇನೂ ಕಾಣುವುದಿಲ್ಲ. ನಿಂತಲ್ಲಿ ನಿಲ್ಲದವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಕೆ?

"ತಡಕೊಳ್ಳಾಕ ಆಗದಿದ್ರ ಕೈ ಎತ್ತು, ನಿಲ್ಲಸ್ತೇವಿ" ಎಂದು ಮೊದಲೇ ಹೇಳಿದ್ದೆ. ಕೊಳವೆ ಇಳಿಯಿತು. ಕೀವು ಉಕ್ಕಿ ಬಂತು, ಹೀರಿ ತೆಗೆದರು. ಅದರ ಕೆಳಗೆ ಮೆತ್ತನೆಯ ಕೆಂಪು ಮಾಂಸ ಬೆಳೆದು ನಾಳವನ್ನು ಮುಚ್ಚಿತ್ತು. ಮುಟ್ಟಿದರೆ ರಕ್ತ. ಇಣುಕುತ್ತಿದ್ದ ಸರ್ಜನ್ "ಕಾಹೀ ದಿಸತ್ ನಾಹೀ" ಎಂದು ಗೊಣಗಿದರು, ಏನೂ ಕಾಣುತ್ತಿಲ್ಲ. ಅವನ ತುಟಿ ನೀಲಿಗೆ ತಿರುಗಿತು. ಕೈ ಮಾತ್ರ ಏಳಲಿಲ್ಲ. ಸರ್ಜನ್ ತಾವೇ ಕೊಳವೆ ಹೊರತೆಗೆದುಬಿಟ್ಟರು. ಹೊರಗೆ ಬಂದು ಮುಖ ತೊಳೆಯುತ್ತ, ಇದು ಚೂರೂ ಇರಬಹುದು, ಗಂಟೂ ಇರಬಹುದು, ನನಗೇನೂ ತಿಳಿಯಲಿಲ್ಲ ಎಂದರು. ಅಣ್ಣ ಗೋಡೆಗೆ ಮುಖ ಮಾಡಿ ನಿಂತಿದ್ದ.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ಮೈ ಪರಚಿಕೊಳ್ಳುವಂತಾಗುತ್ತದೆ. ಹಾಸಿಗೆ ಹೋಗಿತ್ತು. ರಕ್ತ ನಿಂತು ಊತ ಇಳಿಯುವತನಕ ಮತ್ತೆ ಕೊಳವೆ ಇಳಿಸುವಂತಿರಲಿಲ್ಲ. ಕೊಲ್ಹಾಪುರದಲ್ಲೇ ಇಟ್ಟು, ಮಂಚದ ಕಾಲದೆಸೆಗೆ ಇಟ್ಟಿಗೆ ಕೊಟ್ಟು ಎತ್ತರಿಸಿ, ತಲೆ ಕೆಳಗೆ ಮಾಡಿ ಮಲಗಿಸಿ ಬೆನ್ನು ತಟ್ಟಿ ಕೀವು ಕೆಮ್ಮಿಸಿದೆವು. ಪೆನ್ಸಿಲಿನ್ ಜೋರಾಗಿ ಕೊಟ್ಟೆವು. ಇಚಲಕರಂಜಿಯಲ್ಲಿ ನನ್ನ ರೋಗಿಗಳು ಬಾಗಿಲು ನೋಡಿ ತಿರುಗಿ ಹೋಗುತ್ತಿದ್ದರು. ನಾನು ಬಸ್ಸಿನಲ್ಲಿ ಹೋಗಿ ಬಂದು, ಬಂದು ಹೋಗಿ, ಎರಡೂ ಕಡೆ ಸಲ್ಲದವನಾದೆ. ಅಪ್ಪಿತಪ್ಪಿ ಹಿರಿಯ ಡಾಕ್ಟರರು ಎದುರಾದಾರೆಂದು ಅವರ ಬೀದಿ ಬಿಟ್ಟು ಸುತ್ತಿ ಹೋಗುತ್ತಿದ್ದೆ.

ಎರಡನೆಯ ಸಲ ಸರ್ಜನ್ ಮೊದಲು ರಕ್ತ ನಿಲ್ಲಿಸುವ ಔಷಧಿಯಲ್ಲಿ ಅದ್ದಿದ ಹತ್ತಿಯನ್ನು ಒಳಗೆ ಒತ್ತಿ ಹಿಡಿದರು. ಆಮೇಲೆ ಉದ್ದನೆಯ ಚಿಮಟ ಇಳಿಸಿದರು. ನನ್ನ ಕೈಯೊಳಗೆ ಅವನ ತಲೆ ಬೆವರಿನಿಂದ ಜಾರುತ್ತಿತ್ತು. ಅವನ ಕಣ್ಣು ತಲೆಕೆಳಗಾಗಿ ನೇರವಾಗಿ ನನ್ನ ಮುಖಕ್ಕೆ ನೆಟ್ಟಿತ್ತು. ಎಲ್ಲಿ ನೋಡಬೇಕೆಂದು ತಿಳಿಯದೆ ನಾನೂ ಅವನನ್ನೇ ನೋಡುತ್ತಿದ್ದೆ. ಆಗ ಕೊಳವೆಯೊಳಗಿಂದ ಸಣ್ಣ ಸದ್ದು ಬಂತು. ಉಕ್ಕು ಗಟ್ಟಿ ವಸ್ತುವಿಗೆ ತಾಗಿದ ‘ಟಕ್’.

"ಐಕಲಂ ಕಾ?" ಎಂದರು ಸರ್ಜನ್ ತಲೆಯೆತ್ತದೆ, ಕೇಳಿಸಿತೇ ಎಂದು. ಕೇಳಿಸಿತ್ತು.

ಹಿಡಿದದ್ದು ಕೊಳವೆಯೊಳಗೆ ಹಿಡಿಸಲಿಲ್ಲ, ಅಡ್ಡವಾಗಿತ್ತು. ಚಿಮಟ, ಕೊಳವೆ, ಚೂರು ಮೂರನ್ನೂ ಒಟ್ಟಿಗೇ ಎಳೆಯಬೇಕು. ಧ್ವನಿಪೆಟ್ಟಿಗೆಯ ಸಂದಿನಲ್ಲಿ ಕಳಚಿ ಬಿದ್ದರೆ ಉಸಿರೇ ಕಟ್ಟುತ್ತದೆ. ಸರ್ಜನ್ ಚೂರನ್ನು ಒಂಚೂರು ತಿರುಗಿಸಿದರು, ಉಸಿರೆಳೆದುಕೊಳ್ಳಲು ಹೇಳಿದರು, ಅವನು ಎಳೆದ ಗಳಿಗೆಗೇ ಎಲ್ಲವನ್ನೂ ಹೊರಗೆ ತಂದರು. ಸ್ಟೀಲಿನ ಬಟ್ಟಲಿಗೆ ಬಿದ್ದದ್ದು ಕಪ್ಪುಗಟ್ಟಿದ ಒಂದು ತುಣುಕು. ನೀರಿನಲ್ಲಿ ತೊಳೆದೆ. ಒಂದು ಕಡೆ ಕಮಾನಿನಂತೆ ಬಾಗಿದ ನಯವಾದ ಅಂಚು, ಇನ್ನೊಂದು ಕಡೆ ಒಡೆದ ಚೂಪು. ಬಿಳಿ ಚೀನೀ ಮಣ್ಣು. ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ. ಅತ್ತೆನೆಂದು ಹೇಳಲು ನನಗೆ ನಾಚಿಕೆಯಿಲ್ಲ.

ಅವನನ್ನು ಎತ್ತಿ ಕೂಡ್ರಿಸಿದಾಗ ನೋಡಿದೆ, ಎರಡೂ ಕೈಯನ್ನು ಬೆನ್ನ ಕೆಳಗೆ ತೂರಿಸಿಕೊಂಡು ಮಲಗಿದ್ದ. ಅಂಗೈ ಜೋಮು ಹಿಡಿದು ಬಿಳಿಚಿತ್ತು.

"ಹಿಂಗ್ಯಾಕ ಮಾಡಿದ್ಯೋ?" ಎಂದೆ.

ದನಿ ಒಡೆದು ಹೋಗಿತ್ತು, ಪಿಸುಗುಟ್ಟಿದ: "ಕೈ ಎದ್ರ ನೀವು ನಿಲ್ಲಸ್ತಿದ್ರೆಲ್ರಿ."

ಜ್ವರ ಇಳಿದದ್ದು ಮತ್ತೆ ಏರಲಿಲ್ಲ. ಪಕ್ಕೆಯ ನಳಿಗೆ ತೆಗೆದೆ, ಗಾಯ ಮಾಯಿತು. ಫಿಲ್ಮಿನಲ್ಲಿ ಬಲಗಡೆಯ ಮಬ್ಬು ನಿಧಾನಕ್ಕೆ ತಿಳಿಯಾಯಿತು. ಹಿರಿಯ ಡಾಕ್ಟರರಿಗೆ ಚೂರು ಒಯ್ದು ತೋರಿಸಿದೆ. ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, "ಬರಂ ಝಾಲಂ" ಎಂದರು, ಒಳ್ಳೆಯದಾಯಿತು. ಕ್ಷಯದ ಇಂಜೆಕ್ಷನ್ ನಿಲ್ಲಿಸಲು ಅವರೇ ಹೇಳಿದರು. ಅಣ್ಣ ಮತ್ತೆ ಮಾತಾಡತೊಡಗಿದ, ಈಗ ನಿಲ್ಲಿಸುವುದೇ ಕಷ್ಟವಾಯಿತು.

ಪಕ್ಕದ ಶೆಡ್ಡಿಗೂ ಚೂರು ಒಯ್ದೆ. ಕೈಯಿಂದ ಕೈಗೆ ಹೋಯಿತು. "ಅಬಾಬಾ, ಇದು ಎದಿಯೊಳಗ?" ಎಂದರು. ನೂಲು ಎಳೆಯಲು ಸಣ್ಣ ತಂತಿಯ ಕೊಕ್ಕೆಗಳನ್ನು ಮಾಲಕ ತರಿಸಿಕೊಟ್ಟ. ಕೊಕ್ಕೆಯಿಂದ ಎಳೆಯುವಷ್ಟರಲ್ಲಿ ಬಾಯಿಯಿಂದ ಇಬ್ಬರು ಎಳೆದಿರುತ್ತಾರೆ. ನಾನು ಬಾಗಿಲು ದಾಟುವ ಮೊದಲೇ ಹಿಂದಿನಿಂದ ‘ಚುಪ್’ ಕೇಳಿಸಿತು. ತಿರುಗಿ ಬೈದೆ. ಅವರು ನಕ್ಕರು. ಆ ಸಿಟ್ಟು ನನಗಿನ್ನೂ ಇಳಿದಿಲ್ಲ.

ಗುಣವಾದ ಮೇಲೆ ಅವನು ಉತ್ತೂರಿಗೆ ಒಬ್ಬನೇ ಹೋಗಿ ಬಂದ. ಮಾವ ಮತ್ತೆ ಕಟ್ಟೆಯ ಮೇಲೆಯೇ ಕೂಡ್ರಿಸಿದ್ದ. ಚೀನೀ ಚೂರಿನ ಕಥೆ ಹೇಳಿದರೆ, "ಟೀಬಿ ಆದವ್ರೆಲ್ಲಾ ಏನರ ಒಂದ ಹೇಳ್ತಾರ" ಎಂದನಂತೆ. ನನಗೆ ಗಡಹಿಂಗ್ಲಜದ ನಮ್ಮ ಮನೆಗೆ ಹೋಗುವುದಿತ್ತು. "ನಡಿ, ದಾರ್ಯಾಗ ಉತ್ತೂರಕ ಇಳಿಯೂಣು" ಎಂದೆ.

ಮಾವ ನನಗೆ ಒಳಗೆ ಮಣೆ ಹಾಕಿಸಿದ. ಅಳಿಯನಿಗೆ ಹೊಸ್ತಿಲಾಚೆ. ನನಗೆ ಹಿತ್ತಾಳೆ ತಾಟು ಬಂತು, ಅವನಿಗೆ ತಿಂದು ಎಸೆಯುವ ಎಲೆ. ರೊಟ್ಟಿ, ಕಡಲೆಹಿಟ್ಟಿನ ಝುಣಕ, ಗಟ್ಟಿ ಮೊಸರು. ನಾನು ದಾರಿಯುದ್ದಕ್ಕೂ ಡಾಕ್ಟರನ ಹಾಗೆ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡು ಬಂದಿದ್ದೆ. ಆ ಎಲೆ ನೋಡಿದ ಕೂಡಲೇ ಅವೆಲ್ಲ ಮರೆತುಹೋದವು. ತಾಟು ಬಿಟ್ಟೆದ್ದು ಹೊಸ್ತಿಲು ದಾಟಿ ಅವನೆದುರಿಗೆ ನೆಲದ ಮೇಲೆ ಕೂತೆ. ಅವನು ಕಚ್ಚಿ ಇಟ್ಟಿದ್ದ ರೊಟ್ಟಿ ಮುರಿದು, ಅವನ ಎಲೆಯ ಝುಣಕಕ್ಕೇ ಒತ್ತಿ ಬಾಯಿಗಿಟ್ಟೆ.

"ಸಾಹೇಬ್ರ! ಅವನ ಎಂಜಲ್ರೀ ಅದು!" ಎಂದು ಮಾವ ಓಡಿ ಬಂದ.

"ಗೊತ್ತೈತ್ರಿ" ಎಂದೆ. "ನನಗೂ ಮನ್ಯಾಗ ಸಣ್ಣ ಮಕ್ಕಳದಾರ. ಇನ್ನೊಂದೀಟ ಝುಣಕಾ ಹಾಕಸ್ರಿ."

ಮಾವ ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟ. ನಾವಿಬ್ಬರೂ ತಿಂದೆವು. ಅವನು ಚೂರು ಚೂರೇ ಮುರಿದು ತಿಂದ, ನನಗೆ ಹಸಿವಾಗಿತ್ತು. ಒಳಗೆ ಬಳೆಯ ಸದ್ದಾಯಿತು. ಅವನ ಹೆಂಡತಿ ಅಪ್ಪಣೆಗೆ ಕಾಯದೆ, ಬಾಗಿಲಲ್ಲಿ ನಿಂತ ಅಪ್ಪನ ಪಕ್ಕದಿಂದಲೇ ನುಸುಳಿ ಹೊರಗೆ ಬಂದಳು. ಕಂಕುಳಿನ ಕೂಸನ್ನು ಇಳಿಸಿ ಗಂಡನ ತೊಡೆಯ ಮೇಲೆ ಕೂಡ್ರಿಸಿದಳು.

ಕೂಸು ತಲೆಯೆತ್ತಿ ಅವನ ಗಡ್ಡ ನೋಡಿತು. ತುಟಿ ಡೊಂಕು ಮಾಡಿತು. ಆಮೇಲೆ ಓಣಿಗೆಲ್ಲ ಕೇಳುವ ಹಾಗೆ ಚಿಟ್ಟನೆ ಚೀರಿ, ಅವನ ಎದೆಗೆ ಒದ್ದು, ಬೆನ್ನು ಬಿಲ್ಲು ಮಾಡಿ ಅಳತೊಡಗಿತು. ಹೆಂಡತಿ ಗಾಬರಿಯಾಗಿ ಎತ್ತಿಕೊಳ್ಳಲು ಬಾಗಿದಳು. ನಾನೂ ಕೈ ಚಾಚಿದೆ.

ಅವನು ಇಬ್ಬರಿಗೂ ಬೇಡವೆಂದು ತಲೆಯಾಡಿಸಿದ. ಎರಡೂ ಕೈಯಿಂದ ಕೂಸನ್ನು ಹಿಡಿದೇ ಇದ್ದ, ಕಣ್ಣೀರು ಗಡ್ಡಕ್ಕಿಳಿಯುತ್ತಿತ್ತು.

"ಅಳ್ಳಿ ಬಿಡ್ರಿ ಸಾಹೇಬ್ರ" ಎಂದ. "ನನ್ನ ಇಷ್ಟ ಸಮೀಪ ಕುಂತು ಒಮ್ಮೆನೂ ಅತ್ತಿದ್ದಿಲ್ಲ ಅದು."